ಕಲ್ಲು ಎದ್ದಿದ್ದಕ್ಕೆ ಮರ ಯಾಕೆ ಬೀಳಬೇಕು?

ಬೆಂಗಳೂರಿನ ಜಯನಗರ, ಮಲ್ಲೇಶ್ವರದ ಹಳೇ ರಸ್ತೆಗಳಲ್ಲಿ ನಡೆದಾಡಿದವರಿಗೆ ಈ ದೃಶ್ಯ ಹೊಸದಲ್ಲ. ಮರದ ಬುಡದ ಹತ್ತಿರ ಫುಟ್‌ಪಾತ್ ಚಪ್ಪಡಿ ಎದ್ದು ನಿಂತಿರುತ್ತೆ, ಪಕ್ಕದ ಚರಂಡಿ ಗೋಡೆ ಬಿರುಕು ಬಿಟ್ಟಿರುತ್ತೆ, ಕೋಲು ಹಿಡಿದ ಅಜ್ಜಿಯೊಬ್ಬರು ರಸ್ತೆಗಿಳಿದು ಬೈಕುಗಳ ನಡುವೆ ನಡೀತಿರ್ತಾರೆ. ಯಾರೋ ದೂರು ಕೊಡ್ತಾರೆ. ಇಂಜಿನಿಯರ್ ಬಂದು ನೋಡ್ತಾರೆ. 'ಮರದ ಬೇರಿನಿಂದ ಹಾನಿ' ಅಂತ ಫೈಲಿನಲ್ಲಿ ಬರೆದರೆ ಸಾಕು, ಆ ಮರದ ದಿನ ಎಣಿಸೋಕೆ ಶುರು.

ಅಜ್ಜಿಯ ಕಷ್ಟ ಸುಳ್ಳಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಕಣ್ಣು ಕಾಣದವರಿಗೆ ಎದ್ದ ಕಲ್ಲು ದಿನದಿನದ ಅಪಾಯ. 'ಮರ ಮುಖ್ಯ, ನೀವೇ ಸುತ್ತಿ ಹೋಗಿ' ಅನ್ನೋದು ಕಾಲು ಗಟ್ಟಿ ಇರುವವರ ವಾದ. ಆದರೆ ಕಲ್ಲು ಎದ್ದಿದ್ದಕ್ಕೆ ಮರವೇ ಕಾರಣ ಅನ್ನೋ ತೀರ್ಪನ್ನು ಇಷ್ಟು ಸುಲಭವಾಗಿ ಒಪ್ಪಬೇಕಾ?

ಬೇರಿಗೆ ಬೇಕಿರೋದು ನೀರು ಮತ್ತು ಗಾಳಿ. ಬುಡದ ತನಕ ಕಾಂಕ್ರೀಟ್ ಸುರಿದು, ಸುತ್ತಲಿನ ಮಣ್ಣನ್ನು ದಮ್ಮಸು ಮಾಡಿ ಗಟ್ಟಿ ಮಾಡಿದರೆ, ಇವೆರಡೂ ಸಿಗೋದು ಚಪ್ಪಡಿಯ ಅಡಿಯ ತೆಳು ಪದರದಲ್ಲಿ ಮಾತ್ರ. ಬೇರು ಅಲ್ಲೇ ಹರಡುತ್ತೆ, ಅಲ್ಲೇ ದಪ್ಪವಾಗುತ್ತೆ, ಕಲ್ಲು ಏಳುತ್ತೆ. ಪೈಪಿನ ಕತೆಯೂ ಹೆಚ್ಚುಕಡಿಮೆ ಇದೇ. ಗಟ್ಟಿಯಾದ ಪೈಪನ್ನು ಬೇರು ಒಡೆದು ಒಳಗೆ ಹೋಗೋದು ಅಪರೂಪ. ಮೊದಲೇ ಸೋರುತ್ತಿರುವ ಜಾಯಿಂಟು, ಬಿರುಕುಗಳೊಳಗೆ ನುಗ್ಗಿ ಆಮೇಲೆ ಅದನ್ನು ಅಗಲ ಮಾಡುತ್ತೆ. ಅಂದರೆ ಅರ್ಧ ತಪ್ಪು ಕಾಮಗಾರಿಯದ್ದು, ಪೂರ್ತಿ ಶಿಕ್ಷೆ ಮರಕ್ಕೆ. ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ತೆಗೀಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಪ್ರಕರಣದಲ್ಲಿ ಆದೇಶ ಕೊಟ್ಟಿತ್ತು. ನಿಮ್ಮ ರಸ್ತೆಯಲ್ಲಿ ಅಷ್ಟು ಮಣ್ಣು ಕಾಣೋ ಮರ ಎಷ್ಟಿವೆ, ಒಮ್ಮೆ ಎಣಿಸಿ ನೋಡಿ.

ಇನ್ನೊಂದು ಅಪಾಯಕಾರಿ ಚಕ್ರ ಇದೆ. ವೈಟ್ ಟಾಪಿಂಗ್‌ಗೆ, ಚರಂಡಿಗೆ, ಕೇಬಲ್‌ಗೆ ಅಂತ ಜೆಸಿಬಿ ಬರುತ್ತೆ, ಅಡ್ಡ ಬಂದ ಬೇರು ಕತ್ತರಿಸಿ ಮುಚ್ಚಿ ಹೋಗುತ್ತೆ. ಮರಕ್ಕೆ ಒಂದು ಕಡೆಯ ಆಧಾರವೇ ಹೋಗಿರುತ್ತೆ. ಏಪ್ರಿಲ್-ಮೇ ತಿಂಗಳ ಮೊದಲ ಗಾಳಿಮಳೆಗೆ ಅದು ಆಟೋ ಮೇಲೋ ಮನುಷ್ಯರ ಮೇಲೋ ಬೀಳುತ್ತೆ. ಮರುದಿನ ಸುದ್ದಿಯಲ್ಲಿ ಬರೋದು 'ಅಪಾಯಕಾರಿ ಮರಗಳ ತೆರವು'. ಬೇರು ಕಡಿದ ಗುತ್ತಿಗೆದಾರನ ಹೆಸರು ಮಾತ್ರ ಬರಲ್ಲ.

ಕಾನೂನು ಏನು ಮಾಡ್ತಿದೆ? 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಮರದಿಂದ ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ, ಸಂಚಾರಕ್ಕೆ ಅಡ್ಡಿಯಾದರೆ ಅನುಮತಿ ನಿರಾಕರಿಸುವ ಹಾಗಿಲ್ಲ. ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುವ ನಿಯಮ ಇರೋದು 50ಕ್ಕಿಂತ ಹೆಚ್ಚು ಮರ ಕಡಿಯುವಾಗ. ಸ್ಟೀಲ್ ಫ್ಲೈಓವರ್‌ಗೆ 800ಕ್ಕೂ ಹೆಚ್ಚು ಮರ ಬಲಿ ಅಂದಾಗ 2016ರಲ್ಲಿ ಬೆಂಗಳೂರು ಬೀದಿಗಿಳಿಯಿತು, 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಫುಟ್‌ಪಾತ್ ಮರಗಳು ಹೋಗೋದು ಹಾಗಲ್ಲ. ಇಲ್ಲೊಂದು, ಅಲ್ಲೆರಡು. ಪ್ರಕಟಣೆಯೂ ಇಲ್ಲ, ಪ್ರತಿಭಟನೆಯೂ ಇಲ್ಲ.

ಹಾಗಂತ ಯಾವ ಮರವನ್ನೂ ಮುಟ್ಟಬಾರದು ಅಂತಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ 1980ರ ದಶಕದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಲಾಯಿತು. ಆ ತಲೆಮಾರಿನ ಮರಗಳಿಗೆ ಈಗ ನಲವತ್ತು ದಾಟಿದೆ. ಬೇಗ ಬೆಳೆದು ಬೇಗ ಟೊಳ್ಳಾಗುವ ಗುಲ್‌ಮೊಹರ್‌ನಂಥವನ್ನು ಕೆಲವು ಕಡೆ ಬದಲಿಸಲೇಬೇಕು. ಆದರೆ ಬದಲಿ ಅಂದರೆ ಏನು? 'ಒಂದಕ್ಕೆ ಹತ್ತು ಸಸಿ' ಅನ್ನೋ ಲೆಕ್ಕ ಕೇಳೋಕೆ ಚಂದ. ಆ ಹತ್ತು ಸಸಿ ಊರಾಚೆ ಎಲ್ಲೋ ನೆಟ್ಟರೆ ನಿಮ್ಮ ಬಸ್‌ಸ್ಟಾಪಿಗೆ ನೆರಳು ಬರಲ್ಲ. ಬೆಂಗಳೂರಿನ ಬೀದಿಗಳಲ್ಲೇ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರ ಇರುವ ಕಡೆ ಮಧ್ಯಾಹ್ನದ ಗಾಳಿಯ ಉಷ್ಣಾಂಶ 5.6 ಡಿಗ್ರಿವರೆಗೆ, ರಸ್ತೆ ಮೇಲ್ಮೈಯ ಬಿಸಿ 27.5 ಡಿಗ್ರಿವರೆಗೆ ಕಮ್ಮಿ ಇತ್ತು. ತಳ್ಳುಗಾಡಿಯವರಿಗೆ, ಡೆಲಿವರಿ ಹುಡುಗರಿಗೆ, ಪೌರಕಾರ್ಮಿಕರಿಗೆ ಇರೋ ಏಕೈಕ ಎಸಿ ಅದು.

ಇಂಗ್ಲೆಂಡಿನ ಶೆಫೀಲ್ಡ್ ನಗರ ಇದೇ ದಾರಿ ತುಳಿದು ಪಾಠ ಕಲಿತಿದೆ. ರಸ್ತೆ-ಫುಟ್‌ಪಾತ್ ದುರಸ್ತಿಯನ್ನು 2012ರಲ್ಲಿ ಖಾಸಗಿ ಕಂಪನಿಗೆ ದೀರ್ಘಾವಧಿ ಗುತ್ತಿಗೆ ಕೊಟ್ಟರು. 5,000ಕ್ಕೂ ಹೆಚ್ಚು ಬೀದಿ ಮರ ಉರುಳಿದವು. 2016ರ ನವೆಂಬರ್‌ನಲ್ಲಿ ಬೆಳಗಿನ ಜಾವ ಪೊಲೀಸರನ್ನು ಕರೆತಂದು ಮರ ಕಡಿದಾಗ, ಅಡ್ಡ ನಿಂತ ಹಿರಿಯ ನಾಗರಿಕರೂ ಬಂಧನಕ್ಕೊಳಗಾದರು. 17,500 ಮರ ಬದಲಿಸುವ ಗುರಿ ಗುತ್ತಿಗೆಯಲ್ಲೇ ಇತ್ತು ಅನ್ನೋದು ಜನರಿಗೆ ತಿಳಿದದ್ದು 2018ರಲ್ಲಿ. ಸ್ವತಂತ್ರ ತನಿಖೆ ನಡೆದು, 2023ರಲ್ಲಿ ನಗರಾಡಳಿತ ಕ್ಷಮೆ ಕೇಳಿತು. ಕಡಿದ ಮರ ವಾಪಸ್ ಬರಲಿಲ್ಲ.

ನಾವು ಕ್ಷಮೆ ಕೇಳುವ ಹಂತಕ್ಕೆ ಹೋಗಬೇಕಿಲ್ಲ. ಬುಡದ ಸುತ್ತ ಮಣ್ಣು ಬಿಡೋದು, ಬೇರಿನ ಮೇಲೆ ಸೇತುವೆಯಂತೆ ಚಪ್ಪಡಿ ಕೂರಿಸೋದು, ಸ್ವಲ್ಪ ಪಾರ್ಕಿಂಗ್ ಜಾಗ ತೆಗೆದುಕೊಂಡು ಫುಟ್‌ಪಾತನ್ನು ಬಳಸಿ ಒಯ್ಯೋದು, ಇದ್ಯಾವುದೂ ರಾಕೆಟ್ ವಿಜ್ಞಾನ ಅಲ್ಲ. ಅಜ್ಜಿ ಮತ್ತು ಮರ ಇಬ್ಬರೂ ಒಂದೇ ಫುಟ್‌ಪಾತಿನಲ್ಲಿ ಉಳಿಯಬಹುದು. ಜಾಗ ಬಿಟ್ಟುಕೊಡಬೇಕಿರೋದು ಕಾರು. ಅದನ್ನು ಹೇಳೋ ಧೈರ್ಯ ಇಲ್ಲದ್ದಕ್ಕೇ ಜಗಳ ಮರಕ್ಕೂ ಪಾದಚಾರಿಗೂ ಹಚ್ಚಲಾಗಿದೆ.

ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ವಾರ್ಡಿಗೆ ವೋಟು ಕೇಳಲು ಬರುವವರಿಗೆ ಮೂರೇ ಪ್ರಶ್ನೆ ಕೇಳಿ. ಒಂದೇ ಮರ ಕಡಿದರೂ ಕಾರಣವನ್ನು ಫೋಟೋ ಸಮೇತ ಮೊದಲೇ ಪ್ರಕಟಿಸ್ತೀರಾ? ಬೇರು ಕಡಿಯುವ ಗುತ್ತಿಗೆದಾರನ ಬಿಲ್ಲಿನಲ್ಲಿ ದಂಡ ಹಿಡೀತೀರಾ? ಬದಲಿ ಮರ ಅದೇ ರಸ್ತೆಯಲ್ಲಿ, ಸಾಕಷ್ಟು ಮಣ್ಣಿನ ಜೊತೆ ಬರುತ್ತಾ? ಉತ್ತರ ಬರಹದಲ್ಲಿ ಪಡೆಯಿರಿ. ಮುಂದಿನ ಸಲ ಜೆಸಿಬಿ ಬಂದಾಗ ತೋರಿಸೋಕೆ ಬೇಕಾಗುತ್ತೆ.