ಬಂದರಿನ ಬೆನ್ನಿಗಿದ್ದ ಸೀಮೆ

ಹದಿನೈದು, ಹದಿನಾರನೆಯ ಶತಮಾನಗಳ ಜಾಗತಿಕ ವ್ಯಾಪಾರವನ್ನು ಬಂದರುಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಕಲ್ಲಿಕೋಟೆ, ಗೋವಾ, ಮಲಾಕ್ಕಾ, ಹೋರ್ಮುಜ್ ಎಂದು ಹೆಸರುಗಳ ಸಾಲು ಬರುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದ, ಬಾಗಿಲು ತೆರೆಯಿತು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಈ ತಿಳಿವಳಿಕೆ ತಲೆಕೆಳಗಾದದ್ದು. ಬಂದರು ಸರಕು ಇಳಿಯುವ ಜಾಗ. ಆ ಸರಕು ಯಾರಿಗೆ ಬೇಕು, ಅದನ್ನು ಕೊಳ್ಳುವ ಹಣ ಎಲ್ಲಿ ಹುಟ್ಟುತ್ತದೆ ಎಂಬುದು ತೀರ್ಮಾನವಾಗುತ್ತಿದ್ದದ್ದು ಒಳನಾಡಿನಲ್ಲಿ. ಪಶ್ಚಿಮ ಕರಾವಳಿಯ ಮಟ್ಟಿಗೆ ಆ ಒಳನಾಡೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿದ ಕೃಷ್ಣಾ ತುಂಗಭದ್ರೆಯರ ನಡುವಿನ ನೆಲ ಮತ್ತು ಹೊಳೆಯಾಚೆಯ ವಿಜಯನಗರ.

ಈ ನಡುನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಅವರ ನಂತರ ಬಿಜಾಪುರದವರೂ ಎರಡು ಶತಮಾನ ಕಾದಾಡಿದರು. ಕೊಪ್ಪಳ, ಮುದಗಲ್ಲು, ರಾಯಚೂರಿನ ಕೋಟೆಗಳು ಅದರ ಗುರುತು. ಬಯಲುಸೀಮೆಯ ಯುದ್ಧದಲ್ಲಿ ಕುದುರೆಪಡೆಯದ್ದೇ ಮೇಲುಗೈ. ಒಳ್ಳೆಯ ತಳಿಯ ಕುದುರೆಗೆ ದಖ್ಖನಿನ ಹವೆ, ಮೇವು ಒಗ್ಗುವುದಿಲ್ಲ. ಆದ್ದರಿಂದ ಅರಬಸ್ಥಾನ, ಪರ್ಶಿಯಾಗಳಿಂದ ಕುದುರೆ ಬರುತ್ತಲೇ ಇರಬೇಕಾಗಿತ್ತು. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವರ್ತಕ ನೂನಿಜ್ ಬರೆದಿದ್ದಾನೆ. ಹಿಂದಿನ ಅರಸ ಸಾಳುವ ನರಸಿಂಹನ ಕಾಲದ ಸಂಗತಿಯೊಂದನ್ನೂ ಅವನೇ ಹೇಳುತ್ತಾನೆ: ಮೂರು ಕುದುರೆಗೆ ಸಾವಿರ ಹೊನ್ನಿನ ಪರ್ದಾವ್, ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅಷ್ಟೇ ಬೆಲೆ ಸಂದಾಯ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಕಡಲಿನ ನಷ್ಟವನ್ನು ಇಲ್ಲಿನ ಬೊಕ್ಕಸವೇ ಹೊರುತ್ತಿತ್ತೆಂಬ ಮಾತು ಗಮನಿಸಬೇಕಾದದ್ದು.

ಆ ಬೊಕ್ಕಸದ ಬುಡದಲ್ಲಿದ್ದದ್ದು ಹೊಲಗದ್ದೆಗಳ ಕಂದಾಯ. ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ ತೆಗೆದ ಆನೆಗೊಂದಿ, ಗಂಗಾವತಿಯ ವಿಜಯನಗರ ಕಾಲುವೆಗಳು ಭತ್ತ ಬೆಳೆಸಿದವು. ಎರೆ ನೆಲ ಹತ್ತಿ, ಜೋಳ ಕೊಟ್ಟಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಕಡವನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ ಹೆಣೆದು ಚರ್ಮ ಹೊದಿಸಿದ ಹರಗೋಲು, ಹದಿನೈದಿಪ್ಪತ್ತು ಜನರನ್ನು ಹೊರುವಷ್ಟು ದೊಡ್ಡದು. ಕುದುರೆ, ಎತ್ತುಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವು. ಭಟ್ಕಳದ ದಾರಿಯಲ್ಲಿ ಸಾಲುಗಟ್ಟಿದ ಹೇರೆತ್ತುಗಳನ್ನೂ ಅವನು ಕಂಡಿದ್ದ. ಜಾಗತಿಕ ವ್ಯಾಪಾರ ಹಾಯಿಹಡಗಿನಲ್ಲಿ ಎಷ್ಟು ನಡೆಯಿತೋ ಹರಗೋಲಿನಲ್ಲಿ, ಎತ್ತಿನ ಬೆನ್ನಿನ ಮೇಲೆ ಅಷ್ಟೇ ನಡೆಯಿತು. ಭಟ್ಕಳದಿಂದ ಹೊರಡುವ ಅಕ್ಕಿ, ಸಕ್ಕರೆ, ಕಬ್ಬಿಣಕ್ಕೆ ಪ್ರತಿಯಾಗಿ ಕುದುರೆ, ತಾಮ್ರ, ಮುತ್ತು ಬರುತ್ತಿದ್ದವು.

ಒಳನಾಡು ಕಡಲಿಗೆ ಬೆನ್ನು ಹಾಕಿತ್ತೆಂಬ ಮಾತಿಗೆ ಕೃಷ್ಣದೇವರಾಯನ ‘ಆಮುಕ್ತಮಾಲ್ಯದ’ವೇ ಸಾಕಷ್ಟು ಉತ್ತರ: ಬಂದರುಗಳನ್ನು ಸುಧಾರಿಸಿ ಕುದುರೆ, ಆನೆ, ರತ್ನಗಳ ಆಮದಿಗೆ ಅನುಕೂಲ ಮಾಡಬೇಕೆಂಬುದು ಅದರ ರಾಜನೀತಿಯ ಭಾಗ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಹೋರ್ಮುಜ್ ಕುಡಿಯುವ ನೀರಿಗೂ ಪರದಾಡುವ ಬೋಳು ದ್ವೀಪ. ಬೆನ್ನಿಗೆ ಬೆಳೆಯುವ ನೆಲವಿಲ್ಲ. ಆದರೂ ಅದು ಸಿರಿವಂತ ಬಂದರಾಯಿತು. ಮಳೆಗಾಲದ ಗಾಳಿಯ ಅರಿವು, ಹಡಗು, ಸಾಲದ ಏರ್ಪಾಡು, ಹಲವು ನಾಡಿನ ವರ್ತಕರು ಒಂದೆಡೆ ಸೇರುವ ಭದ್ರತೆ, ಇವೆಲ್ಲ ಬಂದರಿನ ಸ್ವಂತ ಬಂಡವಾಳ. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವಾ ಹಿಡಿದ ಪೋರ್ಚುಗೀಸ್ ಅಧಿಪತಿ ಅಲ್ಬುಕರ್ಕ್ ಕುದುರೆಗಳನ್ನು ಅಲ್ಲಿಗೇ ತಿರುಗಿಸಿ, ವಿಜಯನಗರ, ಬಿಜಾಪುರ ಎರಡೂ ತನ್ನ ಮುಖ ನೋಡುವಂತೆ ಮಾಡಿದ. 1547ರಲ್ಲಿ ಸದಾಶಿವರಾಯನ ಕಾಲದ ಒಪ್ಪಂದವೂ ಅದೇ ಬಲದ್ದು: ಗೋವಾದ ಕುದುರೆ ವಿಜಯನಗರಕ್ಕೆ ಮಾತ್ರ, ಪ್ರತಿಯಾಗಿ ವಿಜಯನಗರದ ಪೆಟ್ಲುಪ್ಪು, ಕಬ್ಬಿಣ ಪೋರ್ಚುಗೀಸರಿಗೆ.

ಈ ವಾದದಲ್ಲಿ ಸತ್ಯವಿದೆ. ಆದರೆ ಹೋರ್ಮುಜಿನ ಕುದುರೆ ಕೊಳ್ಳುತ್ತಿದ್ದದ್ದು ದಖ್ಖನ್. ಆ ದ್ವೀಪದ ಬೆನ್ನಿನ ಸೀಮೆ ಕಡಲಾಚೆ ಇತ್ತು, ಅಷ್ಟೇ. ಗೋವಾದ ಬಲವೂ ಗಿರಾಕಿ ಇರುವ ತನಕ.

1565ರ ಜನವರಿಯಲ್ಲಿ ವಿಜಯನಗರ ಸೋತು ರಾಜಧಾನಿ ಬಿದ್ದ ರಕ್ಕಸಗಿ ತಂಗಡಗಿಯ ಯುದ್ಧ ಇದನ್ನು ಸ್ಪಷ್ಟಪಡಿಸಿತು. ಗೋವಾದ ಮೇಲೆ ಒಂದು ಗುಂಡೂ ಹಾರಲಿಲ್ಲ. ಹಡಗು, ಉಗ್ರಾಣ, ಸುಂಕದಕಟ್ಟೆ ಎಲ್ಲ ಇದ್ದಂತೆಯೇ ಇದ್ದವು. ಆದರೂ ಕುದುರೆ, ಮಖಮಲ್ಲುಗಳ ವ್ಯಾಪಾರ ಕುಸಿದು ಸುಂಕದ ಆದಾಯ ಇಳಿಯಿತು, ಊರಿನವರ ಬದುಕು ಸೊರಗಿತು ಎಂದು ಪೋರ್ಚುಗೀಸ್ ಚರಿತ್ರಕಾರ ಕೌಟೊ ದಾಖಲಿಸಿದ್ದಾನೆ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ಸೀಸರ್ ಫ್ರೆಡರಿಕ್, ನಿಂತಿದ್ದ ಮನೆಗಳಲ್ಲಿ ಜನರಿಲ್ಲ, ಹುಲಿಗಳಿವೆಯಂತೆ ಎಂದು ಬರೆದ.

ಮೆಣಸಿನ ಕಥೆ ಬೇರೆ. ಅದರ ಗಿರಾಕಿ ಯೂರೋಪಿನಲ್ಲಿದ್ದುದರಿಂದ ಗೇರುಸೊಪ್ಪೆಯ ಮೆಣಸಿನ ವಹಿವಾಟಿಗೆ ರಾಜಧಾನಿಯ ಪತನ ಆ ಬಗೆಯ ಪೆಟ್ಟಾಗಲಿಲ್ಲ. ಆದರೆ ಮೆಣಸು ಬೆಳೆದದ್ದೂ ಘಟ್ಟದ ತೋಟಗಳಲ್ಲಿ. 1568–69ರಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಹಿಡಿದು ಕೂತರು. ಅಲ್ಲಿ ಅವರಿಗೆ ಬೇಕಾಗಿದ್ದದ್ದು ಮೆಣಸು ಮತ್ತು ಅಕ್ಕಿ. ಗೋವಾದ ಜನರ ಊಟದ ಅಕ್ಕಿ ಕೂಡ ಈ ಬಂದರುಗಳ ಹಿಂದಿನ ಗದ್ದೆಗಳಿಂದಲೇ ಹೋಗಬೇಕಾಗಿತ್ತು.