ಜ್ಯೂರಿಕ್‌ನಿಂದ ಮಿಲಾನ್‌ಗೆ: ಬೆಟ್ಟದವರ ಲೆಕ್ಕ

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೂ ಇಟಲಿಯ ಮಿಲಾನ್‌ಗೂ ರಸ್ತೆಯ ಮೂಲಕ ಸುಮಾರು 280 ಕಿ.ಮೀ. ಅಂತರ. ನಡುವೆ ಆಲ್ಪ್ಸ್ ಪರ್ವತಶ್ರೇಣಿ ಅಡ್ಡಲಾಗಿದೆ. ರೈಲಿಗೆ ಮೊದಲು ನಾಲ್ಕು ಗಂಟೆಗೂ ಮೀರಿದ ಸಮಯ ಬೇಕಾಗುತ್ತಿತ್ತು. 57 ಕಿ.ಮೀ. ಉದ್ದದ ಗೊಥಾರ್ಡ್ ತಳಸುರಂಗ 2016ರಲ್ಲಿಯೂ, 15 ಕಿ.ಮೀ. ಉದ್ದದ ಚೆನೇರಿ ಸುರಂಗ 2020ರಲ್ಲಿಯೂ ತೆರೆದ ಬಳಿಕ ಅದು ಮೂರೂಕಾಲು ಗಂಟೆಗೆ ಇಳಿಯಿತು. ಈ ಮುಕ್ಕಾಲು ಗಂಟೆಯ ಉಳಿತಾಯದಿಂದಲೇ ಸುರಂಗದ ಹೆಗ್ಗಳಿಕೆಯನ್ನು ಅಳೆಯುವವರು ಹಲವರು. ಅದು ನಗರದವರ ಅಳತೆ.

ಕಣಿವೆಯ ಜನರ ಲೆಕ್ಕ ಬೇರೆಯಾಗಿತ್ತು. 1980ರಲ್ಲಿ ಗೊಥಾರ್ಡ್ ರಸ್ತೆ ಸುರಂಗ ತೆರೆದ ಮೇಲೆ ಊರಿ ಹಾಗೂ ಟಿಚಿನೊ ಪ್ರಾಂತಗಳ ಇಕ್ಕಟ್ಟಾದ ಕಣಿವೆಗಳಲ್ಲಿ ಲಾರಿಗಳ ಸಾಲು ಬೆಳೆಯಿತು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಹೊಗೆಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಎರಡು ನಗರಗಳ ವ್ಯಾಪಾರದ ಮಸಿ ನಡುವಿನ ಹಳ್ಳಿಗಳ ಪಾಲಿಗೆ ಬಂತು. ಕೊನೆಗೆ 1994ರ ಫೆಬ್ರವರಿಯಲ್ಲಿ, ಆಲ್ಪ್ಸ್ ದಾಟಿ ಹೋಗುವ ಸರಕು ರೈಲಿನಲ್ಲಿಯೇ ಸಾಗಬೇಕೆಂಬ ನಿಯಮವನ್ನು ಸಂವಿಧಾನಕ್ಕೆ ಸೇರಿಸಲು ಸ್ವಿಸ್ ಮತದಾರರು ಅಲ್ಪ ಬಹುಮತದಿಂದ ಒಪ್ಪಿಗೆ ನೀಡಿದರು.

ತಳಸುರಂಗದ ನಿಜವಾದ ಪ್ರಯೋಜನವನ್ನು ಇಲ್ಲಿ ಹುಡುಕಬೇಕು. 1882ರ ಹಳೆಯ ಮಾರ್ಗ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಏರುತ್ತದೆ. ಹೊಸದು 550 ಮೀಟರ್ ಮಾತ್ರ. ಭಾರದ ಸರಕು ರೈಲನ್ನು ಹಳೆಯ ಏರಿನಲ್ಲಿ ಎಳೆಯಲು ಹೆಚ್ಚುವರಿ ಎಂಜಿನ್ ಬೇಕಾಗುತ್ತಿತ್ತು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ರೈಲು ಏರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುರಿ ಮುಟ್ಟಿತೇ? ಇಲ್ಲ. 2000ರಲ್ಲಿ ಸ್ವಿಸ್ ಆಲ್ಪ್ಸ್ ದಾಟಿದ ಲಾರಿಗಳು ಸುಮಾರು 14 ಲಕ್ಷ. 2018ರ ಹೊತ್ತಿಗೆ ಇವು ಆರೂವರೆ ಲಕ್ಷಕ್ಕೆ ಇಳಿಯಬೇಕೆಂದು ಕಾನೂನು ಹೇಳಿತ್ತು. ಆ ವರ್ಷ ಒಂಬತ್ತು ಲಕ್ಷಕ್ಕೂ ಮಿಕ್ಕಿ ದಾಟಿದವು. ಇಳಿಕೆ ಸಣ್ಣದೇನಲ್ಲ, ಆದರೆ ಕೊಟ್ಟ ಮಾತು ಉಳಿಯಲಿಲ್ಲ. ರೈಲು ಸುರಂಗದ ಉದ್ಘಾಟನೆಗೆ ಕೆಲವೇ ತಿಂಗಳು ಮೊದಲು ಅದೇ ಮತದಾರರು ಎರಡನೆಯ ರಸ್ತೆ ಸುರಂಗಕ್ಕೂ ಸಮ್ಮತಿಸಿದ್ದು ವಿಚಿತ್ರವೇ ಸರಿ. ಪ್ರತಿ ಸುರಂಗದಲ್ಲಿ ಒಂದೇ ಪಥ ಬಳಸಬೇಕೆಂಬ ನಿರ್ಬಂಧವೇನೋ ಇದೆ. ನಿರ್ಬಂಧಗಳು ಎಷ್ಟು ಕಾಲ ಬಾಳುತ್ತವೆ ಎಂಬುದನ್ನು ಗುಡ್ಡಗಾಡಿನ ಜನ ಬಲ್ಲರು.

ಮಾರ್ಗ ಹೊಸದಾದರೂ ಹಳೆಯದನ್ನು ಕಿತ್ತುಹಾಕದಿದ್ದುದು ವಿವೇಕದ ಕೆಲಸ. ಸುತ್ತಿ ಸುತ್ತಿ ಏರುವ ಆ ಹಳಿಯಲ್ಲಿ ಸಾಗುವವರಿಗೆ ವಾಸೆನ್ ಗ್ರಾಮದ ಚರ್ಚು ಮೂರು ಬೇರೆ ಬೇರೆ ಎತ್ತರಗಳಿಂದ ಕಾಣುತ್ತದೆ. ಗೋಷೆನೆನ್, ಐರೋಲೊ ಮುಂತಾದ ಊರುಗಳಿಗೆ ಇಂದಿಗೂ ಅದೇ ರೈಲುದಾರಿ. ಲಾಭದ ಲೆಕ್ಕ ಹಾಕುವವರಿಗೆ ಅದು ಹೊರೆಯಾಗಿ ಕಾಣಬಹುದು. 2023ರ ಆಗಸ್ಟ್ 10ರಂದು ತಳಸುರಂಗದೊಳಗೆ ಸರಕು ರೈಲೊಂದು ಹಳಿ ತಪ್ಪಿತು. ಸುರಂಗ ಪೂರ್ಣವಾಗಿ ತೆರೆಯಲು 2024ರ ಸೆಪ್ಟೆಂಬರ್ ಬರಬೇಕಾಯಿತು. ಅಷ್ಟರವರೆಗೆ ದಕ್ಷಿಣಕ್ಕೆ ಹೊರಟ ಪ್ರಯಾಣಿಕರಲ್ಲಿ ಬಹಳ ಮಂದಿ, ಸುಮಾರು ಒಂದು ಗಂಟೆ ತಡವಾಗಿ, ವಾಸೆನ್ನಿನ ಚರ್ಚನ್ನು ಮೂರು ಸಲ ನೋಡಿಕೊಂಡೇ ಬೆಟ್ಟ ದಾಟಿದರು.