ಬಸುರಿಗೆ ಯೋಗವೋ, ಪಿಲಾಟೆಸೋ?

ಧಾರವಾಡ–ಬೆಳಗಾವಿ ಹೆದ್ದಾರಿಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣಿ ಮೊನ್ನೆ ಅತ್ತೆಯೊಂದಿಗೆ ನನ್ನ ದವಾಖಾನೆಗೆ ಬಂದಿದ್ದಳು. ಚೊಚ್ಚಲ ಬಸಿರು, ಐದು ತಿಂಗಳು. "ಡಾಕ್ಟರ್ರೀ, ಯೋಗಾ ಮಾಡ್ಲೋ, ಪಿಲಾಟೆಸ್ ಮಾಡ್ಲೋ? ಮೊಬೈಲ್‌ನ್ಯಾಗ ಎರಡೂ ಛಲೋ ಅಂತಾರ" ಎಂದಳು. ಅಷ್ಟರಲ್ಲಿ ಅತ್ತೆ, "ದಿನಾ ಎಂಟು ತಾಸು ನಿಂತು ಕೆಲಸಾ ಮಾಡ್ತಾಳ್ರೀ, ಮತ್ಯಾಕ ಬೇಕು ವ್ಯಾಯಾಮ?" ಎಂದರು.

ಎರಡೂ ನ್ಯಾಯವಾದ ಪ್ರಶ್ನೆಗಳೇ. ನಿಮ್ಮ ಮನೆಯಲ್ಲೂ ಬಸುರಿ ಇದ್ದರೆ ಇದೇ ಮಾತು ಬಂದಿರಬಹುದು.

ಎರಡರ ಮೂಲ

ಇಂದು ಜಗತ್ತು ಕಲಿಯುವ ಆಸನಗಳಲ್ಲಿ ದೊಡ್ಡ ಪಾಲು ನಮ್ಮ ಮೈಸೂರಿನ ಕೊಡುಗೆ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಅವನ್ನು ಕಲಿಸಿದರು. ಪಿಲಾಟೆಸ್ ಎಂಬುದು 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ರೂಪಿಸಿದ ವ್ಯಾಯಾಮ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಬಂಧನದಲ್ಲಿದ್ದಾಗ ಅದನ್ನು ಬೆಳೆಸಿ, ಮುಂದೆ ನ್ಯೂಯಾರ್ಕಿನಲ್ಲಿ ಕಲಿಸಿದ. ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳನ್ನು ಗಟ್ಟಿಮಾಡುವುದು ಅದರ ಮುಖ್ಯ ಗುರಿ.

ಒಂದು ಮಾತು ನೆನಪಿಡಿ. ಇವೆರಡೂ ಬಸುರಿಯರಿಗಾಗಿ ಹುಟ್ಟಿದವಲ್ಲ. ಅವಳ ಮೈಗೆ ಹೊಂದುವಂತೆ ತಿದ್ದಿಕೊಂಡರೆ ಮಾತ್ರ ಎರಡೂ ಒಳ್ಳೆಯವು.

ಬೆಂಗಳೂರಿನ ಗುಣಶೀಲ ಆಸ್ಪತ್ರೆಗೆ ಬರುತ್ತಿದ್ದ 335 ಗರ್ಭಿಣಿಯರ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಿತ್ತು. ಎರಡೂವರೆ ಕಿಲೋ ತುಂಬಿದ ಕೂಸುಗಳು ಹೆಚ್ಚಿದ್ದವು. ಆದರೆ ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅದಲ್ಲ; ಆದ್ದರಿಂದ ಕಡೆಯ ಮಾತೆನ್ನಲಾಗದು. ಪಿಲಾಟೆಸ್ ಬೆನ್ನುನೋವನ್ನು ತಗ್ಗಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ.

ನಿಂತು ದುಡಿಯುವುದು ವ್ಯಾಯಾಮವೇ?

ಅಲ್ಲ. ಒಂದೇ ಕಡೆ ಎಂಟು ತಾಸು ನಿಂತರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಪಾದ ಬಾಯುತ್ತದೆ, ಸೊಂಟ ಹಿಡಿಯುತ್ತದೆ. ವ್ಯಾಯಾಮದಲ್ಲಿ ಉಸಿರು, ಕೀಲು, ಸ್ನಾಯು ಎಲ್ಲವೂ ಹದವಾಗಿ ಆಡಬೇಕು. ತೊಂದರೆಯಿಲ್ಲದ ಗರ್ಭಿಣಿ ವಾರಕ್ಕೆ 150 ನಿಮಿಷವಾದರೂ ಸಾಧಾರಣ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಾತಾಡುತ್ತ ಮಾಡುವಂತಿದ್ದರೆ ಅದು ಹದ. ಮಾತಾಡಲು ಏದುಸಿರು ಬಂದರೆ ಹೆಚ್ಚಾಯಿತು. ಕಾರ್ಖಾನೆಯಲ್ಲಿ ಅವಳಿಗೆ ಕುಳಿತು ಮಾಡುವ ಕೆಲಸವನ್ನೋ, ನಡುನಡುವೆ ಕೂರಲು ಒಂದು ಸ್ಟೂಲನ್ನೋ ಕೊಡಬೇಕೆಂದು ನಾನು ಚೀಟಿ ಬರೆದುಕೊಟ್ಟೆ. ನೀವೂ ನಿಮ್ಮ ವೈದ್ಯರಲ್ಲಿ ಕೇಳಿ ಪಡೆಯಿರಿ.

ನನ್ನದೇ ತಪ್ಪು

ಕೆಲವು ವರ್ಷಗಳ ಹಿಂದೆ ಒಬ್ಬ ಗರ್ಭಿಣಿಗೆ "ಯೋಗ ಮಾಡಮ್ಮ, ಒಳ್ಳೆಯದು" ಎಂದಷ್ಟೇ ಹೇಳಿ ಕಳಿಸಿದ್ದೆ. ಯಾವ ಯೋಗ, ಯಾರಿಂದ ಎಂದು ಕೇಳಲಿಲ್ಲ. ರಕ್ತ ಪರೀಕ್ಷೆಯನ್ನೂ ನೋಡಲಿಲ್ಲ. ಆಕೆ ಟಿ.ವಿ. ನೋಡಿ ಕಪಾಲಭಾತಿ ಮಾಡುತ್ತ ತಲೆಸುತ್ತಿ ಬಿದ್ದಳು. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿತ್ತು. ದೇವರ ದಯೆ, ತಾಯಿ–ಕೂಸು ಉಳಿದರು. ಅಂದಿನಿಂದ ರಕ್ತ, ರಕ್ತದೊತ್ತಡ ನೋಡದೆ ಯಾರಿಗೂ ವ್ಯಾಯಾಮ ಹೇಳುವುದಿಲ್ಲ.

ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. ಏಳಕ್ಕಿಂತ ಕಡಿಮೆಯಿದ್ದರೆ ಮೊದಲು ಚಿಕಿತ್ಸೆ, ವ್ಯಾಯಾಮ ಆಮೇಲೆ. ರಕ್ತಸ್ರಾವ, ಕೆಳಗೆ ಕುಳಿತ ಮಾಸು, ಗರ್ಭಕೊರಳಿಗೆ ಹೊಲಿಗೆ, ಏರಿದ ರಕ್ತದೊತ್ತಡ, ಹಿಂದೆ ಅವಧಿಗೆ ಮುಂಚೆ ಹೆರಿಗೆ — ಇವುಗಳಲ್ಲಿ ಯಾವುದಿದ್ದರೂ ಹೆರಿಗೆ ತಜ್ಞರನ್ನು ಕೇಳದೆ ಚಾಪೆ ಹಾಸಬೇಡಿ.

ಬೇಡವಾದವು

ನಾಲ್ಕನೆಯ ತಿಂಗಳಿನಿಂದ ಬಹಳ ಹೊತ್ತು ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ. ಬೆಳೆದ ಗರ್ಭಕೋಶ ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಪಿಲಾಟೆಸ್‌ನಲ್ಲಿ ಅಂಗಾತ ಮಲಗಿ ತಲೆ–ಕಾಲು ಎತ್ತುವವು ಬಹಳ, ಅವನ್ನು ಬಿಡಿ. ಯೋಗದಲ್ಲಿ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ, ಶೀರ್ಷಾಸನ, ಹೊಟ್ಟೆ ಮೇಲೆ ಮಲಗುವ ಆಸನ, ಹೊಟ್ಟೆ ತಿರುಚುವ ಆಸನ ಬೇಡ. ರಕ್ತಸ್ರಾವ, ನೀರು ಹೋಗುವುದು, ಎದೆನೋವು, ಕಣ್ಣು ಮಂಜಾಗುವ ತಲೆನೋವು, ಕೂಸಿನ ಮಿಸುಕಾಟ ಕಡಿಮೆಯಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನನ್ನ ಅಭಿಪ್ರಾಯ

ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಯೋಗವೇ ಸರಿ. ಖರ್ಚು ಕಡಿಮೆ, ಕಲಿಸುವವರು ಹತ್ತಿರದಲ್ಲಿ ಸಿಗುತ್ತಾರೆ, ಉಸಿರಾಟದ ಅಭ್ಯಾಸ ಹೆರಿಗೆ ನೋವಿನಲ್ಲಿ ಕೈಹಿಡಿಯುತ್ತದೆ. ಬೆನ್ನುನೋವೇ ದೊಡ್ಡದಾಗಿದ್ದು, ಬಸುರಿಯರಿಗೆ ಕಲಿಸಿ ಅನುಭವವಿರುವ ಫಿಸಿಯೋಥೆರಪಿಸ್ಟ್ ಸಿಕ್ಕರೆ ಪಿಲಾಟೆಸ್ ಮಾಡಿ. ಹೆಸರಿಗಿಂತ ಕಲಿಸುವವರು ಮುಖ್ಯ. "ಎಷ್ಟು ತಿಂಗಳು?" ಎಂದು ಕೇಳದೆ ಆಸನ ಹೇಳಿಕೊಡುವ ಗುರು ಬೇಡ, ಮೊಬೈಲ್ ಅಂತೂ ಕೇಳುವುದೇ ಇಲ್ಲ.

ಅಂದಹಾಗೆ, ಆ ತರುಣಿಯ ಹಿಮೋಗ್ಲೋಬಿನ್ ಎಂಟೂವರೆ ಇತ್ತು. ಕಬ್ಬಿಣಾಂಶದ ಗುಳಿಗೆ ಬರೆದು, ಅದರ ಜತೆ ಚಹಾ ಕುಡಿಯಬೇಡ ಎಂದೆ. ಸದ್ಯ ಸಂಜೆ ಸಾವಕಾಶ ನಡಿಗೆ ಸಾಕು, ತಿಂಗಳ ನಂತರ ಮತ್ತೆ ರಕ್ತ ನೋಡಿ ಆಸನ ಶುರು ಮಾಡೋಣ ಎಂದೆ. "ನಡಿಯಾಕ ನಾನೂ ಹೋಗ್ತೀನ್ರೀ ಅಕಿ ಜೋಡಿ" ಎಂದರು ಅತ್ತೆ. ಯಾವ ವ್ಯಾಯಾಮಕ್ಕೂ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ನಿಮ್ಮ ಮನೆಯ ಬಸುರಿಯ ರಕ್ತ ಪರೀಕ್ಷೆ ಆಗಿದೆಯೇ? ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಮೊದಲು ಅಲ್ಲಿಗೆ ಕರೆದೊಯ್ಯಿರಿ.